ಉಪಾಯಣ್ಣನ ಒಂದೇ ಅಡಾಪ್ಟರ್

ಈ ರಾಮಾಯಣಕ್ಕೆಲ್ಲ ಕಾರಣ ಒಂದು ಚಹಾ ಕೆಟಲ್.

ವರ್ಕ್‌ಶಾಪಿನ ಯಜಮಾನರು ಹೊಸ ಕರೆಂಟ್ ಕೆಟಲ್ ತಂದಿದ್ದರು. ಬೆಳಿಗ್ಗೆ ಬಂದವರೇ ಅದರ ಪ್ಲಗ್ ಹಿಡಿದುಕೊಂಡು ಶೆಡ್ಡೆಲ್ಲ ಸುತ್ತಿದರು. ಎಲ್ಲೂ ಜಾಗವಿಲ್ಲ. ಕೊನೆಗೆ ಉಕ್ಕು ಕೊರೆಯುವ ಮಿಲ್ಲಿಂಗ್ ಮಷಿನ್ನಿನ ಹಿಂದೆ ನೇತಾಡುತ್ತಿದ್ದ ಎಕ್ಸ್‌ಟೆನ್ಶನ್ ಬೋರ್ಡ್ ಕಣ್ಣಿಗೆ ಬಿತ್ತು. ಅದರ ಮೂರು ಸಾಕೆಟ್ಟುಗಳಲ್ಲಿ ಮೂರು ಅಡಾಪ್ಟರುಗಳು ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಕೂತಿದ್ದವು.

"ಏನಯ್ಯ ಇದು? ಒಂದು ಮಷಿನ್ನಿಗೆ ಮೂರು ಅಡಾಪ್ಟರಾ?" ಯಜಮಾನರು ಗುಡುಗಿದರು.

ಆ ಮಷಿನ್ ನಡೆಸುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಉಪಾಯಣ್ಣ ಎಂದು. ಯಾರು ಏನೇ ಕಷ್ಟ ಹೇಳಿಕೊಂಡರೂ "ಅದಕ್ಕೊಂದು ಉಪಾಯ ಇದೆ" ಅನ್ನುವುದು ಅವನ ರೋಗ. ಕೇಳದಿದ್ದರೂ ಹೇಳುತ್ತಿದ್ದ.

"ಮಷಿನ್ನಿನ ಟೇಬಲ್ ಎಡಕ್ಕೆ ಬಲಕ್ಕೆ ಹೋಗುತ್ತೆ, ಹಿಂದೆ ಮುಂದೆ ಹೋಗುತ್ತೆ, ಮೇಲೆ ಕೆಳಗೆ ಹೋಗುತ್ತೆ. ಎಷ್ಟು ಹೋಯ್ತು ಅಂತ ತೋರಿಸೋಕೆ ಮೂರು ರೀಡೌಟ್. ಒಂದೊಂದಕ್ಕೆ ಒಂದೊಂದು ಅಡಾಪ್ಟರ್ ಸಾರ್."

"ಹಾಗಾದ್ರೆ ನಾನು ಚಹಾ ಕುಡಿಯೋದು ಬೇಡ?"

ಬೇರೆ ದಿನವಾಗಿದ್ದರೆ ಉಪಾಯಣ್ಣ ಸುಮ್ಮನಿರುತ್ತಿದ್ದನೇನೋ. ಆದರೆ ಆವತ್ತು ಸಾಮಾನ್ಯ ದಿನವಲ್ಲ. ಹಳೆಯ ಫೋರ್‌ಮನ್ ನಿವೃತ್ತನಾಗಿ ಹೋಗಿದ್ದ. ಅವನ ಕುರ್ಚಿ ಖಾಲಿ ಬಿದ್ದಿತ್ತು. ಸಂಜೆ ದೊಡ್ಡ ಗಿರಾಕಿ ಬಂದು ತನ್ನ ಉಕ್ಕಿನ ಪ್ಲೇಟು ತೆಗೆದುಕೊಂಡು ಹೋದ ಮೇಲೆ ಹೊಸ ಫೋರ್‌ಮನ್ ಯಾರೆಂದು ಹೇಳುತ್ತೇನೆ ಎಂದು ಯಜಮಾನರು ಸಾರಿದ್ದರು. ಪೈಪೋಟಿಯಲ್ಲಿದ್ದವರು ಇಬ್ಬರೇ. ಒಬ್ಬ ಉಪಾಯಣ್ಣ, ಇನ್ನೊಬ್ಬ ಲೇತ್ ನಡೆಸುವ ಮೈಕ್ರಾನ್. "ನನ್ನ ಕೈಯಲ್ಲಿ ಒಂದು ಮೈಕ್ರಾನ್ ಆಚೀಚೆ ಆಗಲ್ಲ" ಎಂದು ಜಂಬ ಕೊಚ್ಚುವುದರಿಂದ ಆ ಹೆಸರು. ಅವನು ಮಾಡಿದ ಪಿನ್ನು ಸುತ್ತಿಗೆ ಏಟು ಬೀಳದೆ ಯಾವ ತೂತಿಗೂ ಇಳಿದ ಚರಿತ್ರೆ ಇರಲಿಲ್ಲ, ಆ ಮಾತು ಬೇರೆ.

"ಸಾರ್, ಅದಕ್ಕೊಂದು ಉಪಾಯ ಇದೆ. ಒಂದೇ ಅಡಾಪ್ಟರಲ್ಲಿ ಮೂರನ್ನೂ ನಡೆಸಿ ತೋರಿಸ್ತೀನಿ" ಎಂದೇಬಿಟ್ಟ ಉಪಾಯಣ್ಣ.

"ಅದೆಲ್ಲ ಆಗೋ ಮಾತಲ್ಲ ಬಿಡಣ್ಣ" ಎಂದು ಮೈಕ್ರಾನ್ ಲೇತಿನ ಹಿಂದಿನಿಂದ ಗಾಳಿ ಹಾಕಿದ.

ಇನ್ನೇನು ಬೇಕು? ಉಪಾಯಣ್ಣ ವೈರು ಕತ್ತರಿಸಲು ಕೂತ.

ಒಂದೊಂದು ರೀಡೌಟಿಗೂ ನೆಟ್ಟಗೆ ಎರಡೆರಡು ವೈರು ಎಳೆದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ನಮ್ಮವನು ಚಿಕ್ಕ ವಯಸ್ಸಿನಲ್ಲಿ ಸ್ಕೂಟರ್ ರಿಪೇರಿ ಕಲಿತವನು. ಸ್ಕೂಟರಿನಲ್ಲಿ ಬ್ಯಾಟರಿಯ ಮೈನಸ್ಸನ್ನು ಅದರ ಮೈಗೇ ಕಟ್ಟಿದರೆ ಆಯಿತು, ಕಬ್ಬಿಣವೇ ವೈರಿನ ಕೆಲಸ ಮಾಡುತ್ತದೆ. "ಇಷ್ಟು ದೊಡ್ಡ ಕಬ್ಬಿಣದ ಮಷಿನ್ ಇರೋವಾಗ ಇನ್ನೊಂದು ವೈರ್ ಯಾಕೆ ದಂಡಕ್ಕೆ?" ಎಂದುಕೊಂಡು ಮಷಿನ್ನಿನ ಬಣ್ಣ ಕೆರೆದು ಮೈನಸ್ಸನ್ನು ಅದರ ಮೈಗೇ ಬಿಗಿದ. ಆ ರೀಡೌಟುಗಳ ಒಳಗೆ ಪ್ಲಸ್ಸೇ ಮಷಿನ್ನಿನ ಮೈಗೆ ಅಂಟಿಕೊಂಡಿರುತ್ತದೆ ಎಂಬ ಸಣ್ಣ ವಿಷಯ ಅವನಿಗೆ ತಿಳಿದಿರಲಿಲ್ಲ.

ಸ್ವಿಚ್ ಹಾಕಿದ. ಪ್ಲಸ್ಸೂ ಮೈನಸ್ಸೂ ಆ ಕಬ್ಬಿಣದಲ್ಲೇ ಕೂಡಿಕೊಂಡವು. ಅಡಾಪ್ಟರು ಒಮ್ಮೆ ನಿಟ್ಟುಸಿರು ಬಿಟ್ಟು ಪ್ರಾಣ ಬಿಟ್ಟಿತು. ಶೆಡ್ಡೆಲ್ಲ ಸುಟ್ಟ ವಾಸನೆ.

ವಾಸನೆ ಹಿಡಿದು ಬಂದವನು ಭಾಮೈದ. ಅಂದರೆ ಯಜಮಾನರ ಹೆಂಡತಿಯ ತಮ್ಮ. ಇವನಿಗೆ ಇಂಥದ್ದೇ ಕೆಲಸ ಅಂತಿಲ್ಲ. ಎಲ್ಲರ ಕೆಲಸದಲ್ಲೂ ಮೂಗು ತೂರಿಸುವುದೇ ಕೆಲಸ.

"ಉಲ್ಟಾ ಕೊಟ್ಟು ನೋಡ್ರೀ. ನಮ್ಮನೆ ಟಾರ್ಚು ಹತ್ತದಿದ್ರೆ ನಾನು ಸೆಲ್ ಉಲ್ಟಾ ಹಾಕ್ತೀನಿ" ಎಂದ ಭಾಮೈದ.

ಉಪಾಯಣ್ಣ ಮನಸ್ಸಿನಲ್ಲೇ ಬೈದುಕೊಂಡು ಎರಡನೆಯ ಅಡಾಪ್ಟರನ್ನು ಉಲ್ಟಾ ಕೊಟ್ಟ. ಏನಾಶ್ಚರ್ಯ! ಮೂರು ರೀಡೌಟುಗಳೂ ಒಟ್ಟಿಗೆ ಕಣ್ಣುಬಿಟ್ಟವು. ಹ್ಯಾಂಡಲ್ ತಿರುಗಿಸಿದ, ಅಂಕಿಗಳು ಸರಿಯಾಗಿಯೇ ಓಡಿದವು. ಖಾಲಿಯಾದ ಸಾಕೆಟ್ಟಿಗೆ ಕೆಟಲ್ ಬಂತು.

"ಭೇಷ್!" ಯಜಮಾನರು ಚಹಾ ಹೀರುತ್ತ ಅವನ ಬೆನ್ನು ತಟ್ಟಿದರು. "ಸಂಜೆ ಮಾತಾಡೋಣ."

ಮೈಕ್ರಾನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಉಪಾಯಣ್ಣ ಮರೆಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

"ಆದ ಹಾಗೇ ಕಣೇ!"

"ನಂಗೊತ್ತಿತ್ತು ರೀ. ನಿನ್ನೇನೇ ನಮ್ಮಕ್ಕನಿಗೆ ಹೇಳ್ಬಿಟ್ಟಿದ್ದೀನಿ, ನಮ್ಮನೆಯವರು ಫೋರ್‌ಮನ್ ಆದ್ರು ಅಂತ. ಪಕ್ಕದ ಮನೆಯವರಿಗೂ ಹೇಳಿದೆ."

"ಅಯ್ಯೋ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ಯಾ?"

"ಸುಮ್ನಿರಿ. ಈಗ ಆಗದೇ ಹೋದ್ರೆ ನಾನು ಆ ಬೀದೀಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

ಉಪಾಯಣ್ಣ ಹುಮ್ಮಸ್ಸಿನಲ್ಲಿ ಗಿರಾಕಿಯ ಪ್ಲೇಟನ್ನು ಮಷಿನ್ನಿಗೆ ಏರಿಸಿದ. ದಪ್ಪನೆಯ ಗಟ್ಟಿ ಉಕ್ಕು, ಶೆಡ್ಡಿನಲ್ಲಿ ಅಂಥದ್ದು ಇದ್ದದ್ದು ಅದೊಂದೇ. ಅದರ ಮಧ್ಯೆ ಉದ್ದಕ್ಕೆ ಒಂದು ಗಾಡಿ, ಅಂದರೆ ನೇರವಾದ ತೋಡು, ಕೊರೆಯಬೇಕು. ಡ್ರಾಯಿಂಗ್ ನೋಡಿದ, ರೀಡೌಟುಗಳನ್ನು ಸೊನ್ನೆಗೆ ತಂದ, ಹ್ಯಾಂಡಲ್ ತಿರುಗಿಸತೊಡಗಿದ.

ಅದೇ ಹೊತ್ತಿಗೆ ಮಷಿನ್ನಿನ ಆ ಬದಿಯಲ್ಲಿ ವೆಲ್ಡರ್ ಬಂದು ಕುಕ್ಕರುಗಾಲಲ್ಲಿ ಕೂತ. ಇವನನ್ನು ಕರೆಯುವುದು ಕಿಡಿ ಎಂದು. ಮುರಿದ ಕಬ್ಬಿಣದ ರ‍್ಯಾಕಿಗೆ ಕಾಲು ಹಚ್ಚಬೇಕಾಗಿತ್ತು. ರ‍್ಯಾಕು ಮಷಿನ್ನಿಗೆ ಒರಗಿಕೊಂಡೇ ನಿಂತಿತ್ತು. ವೆಲ್ಡಿಂಗಿನ ಕರೆಂಟು ವಾಪಸು ಹೋಗುವ ಅರ್ಥ್ ಕ್ಲ್ಯಾಂಪನ್ನು ಕೆಲಸದ ತುಂಡಿಗೇ ಕಚ್ಚಿಸಬೇಕು ಎಂಬುದು ಪುಸ್ತಕದ ಮಾತು. ಕೈಗೆ ಹತ್ತಿರ ಸಿಕ್ಕ ಕಬ್ಬಿಣಕ್ಕೆ ಕಚ್ಚಿಸುವುದು ಕಿಡಿಯ ಪದ್ಧತಿ. ಎಂದಿನಂತೆ ಮಿಲ್ಲಿಂಗ್ ಮಷಿನ್ನಿನ ಪಾದಕ್ಕೆ ಕಚ್ಚಿಸಿದ. ಇಷ್ಟು ದಿನ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಆದರೆ ಇವತ್ತು ರೀಡೌಟುಗಳ ಕರೆಂಟೂ ಅದೇ ಮೈಯೊಳಗೆ ಹರಿಯುತ್ತಿತ್ತು.

ಆ ಬದಿಯಲ್ಲಿ ಚರ‍್ರ್ ಅಂತು. ಈ ಬದಿಯಲ್ಲಿ ಅಂಕಿ ಸದ್ದಿಲ್ಲದೆ ಜಿಗಿಯಿತು. ಸಂಜೆಯ ಕುರ್ಚಿಯ ಕನಸಿನಲ್ಲಿದ್ದ ಉಪಾಯಣ್ಣನಿಗೆ ಅದು ಕಾಣಲಿಲ್ಲ. ಅಂಕಿ ಹೇಳಿದಲ್ಲಿ ಟೇಬಲ್ ನಿಲ್ಲಿಸಿ ಗಾಡಿ ಹೊಡೆದೇಬಿಟ್ಟ. ಮುಗಿಸಿ ತಲೆಯೆತ್ತಿದಾಗ ಇನ್ನೊಮ್ಮೆ ಚರ‍್ರ್ ಅಂತು, ಮೂರೂ ರೀಡೌಟುಗಳು ಮೈಮೇಲೆ ಬಂದ ಹಾಗೆ ಕುಣಿದವು.

ಉಪಾಯಣ್ಣ ಮಷಿನ್ ನಿಲ್ಲಿಸಿದ. ಓಡಿ ಹೋಗಿ ಉಕ್ಕಿನ ಸ್ಕೇಲ್ ತಂದು ಅಳೆದ. ಗಾಡಿ ಬೆರಳಗಲ ಪಕ್ಕಕ್ಕೆ ಸರಿದು ಕೂತಿತ್ತು.

"ಲೋ ಕಿಡಿ, ನನ್ನ ಮನೆ ಹಾಳು ಮಾಡಿದ್ಯಲ್ಲೋ!"

"ನಾನೇನು ಮಾಡ್ದೆ? ದಿನಾ ಅಲ್ಲೇ ಕಚ್ಚಿಸ್ತೀನಪ್ಪ." ಕಿಡಿ ಪ್ಲೇಟು ನೋಡಿ ಲೊಚಗುಟ್ಟಿದ. "ಹೋಗ್ಲಿ, ವೆಲ್ಡ್ ಮಾಡಿ ತುಂಬಿಸಿ ಕೊಡ್ಲಾ? ಗ್ರೈಂಡ್ ಮಾಡಿದ್ರೆ ದೇವರಾಣೆ ಗೊತ್ತಾಗಲ್ಲ."

"ಬೇಡಣ್ಣ, ಪ್ಲೇಟು ಡೊಂಕಾಗುತ್ತೆ" ಎಂದು ಮೈಕ್ರಾನ್ ಸಂತಾಪ ಸೂಚಿಸಲು ಬಂದ. ಅವನ ಹಲ್ಲು ಮೂವತ್ತೆರಡೂ ಕಾಣುತ್ತಿದ್ದವು. "ಆದದ್ದಾಯ್ತು. ನಾನು ಫೋರ್‌ಮನ್ ಆದ್ರೂ ನಿಮ್ಮನ್ನ ಅಣ್ಣ ಅಂತಾನೇ ಕರೀತೀನಿ, ಬೇಜಾರು ಮಾಡ್ಕೋಬೇಡಿ."

ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಹಿಡಿದು ಕಿವಿಯಲ್ಲಿ ಬಿಟ್ಟುಕೊಂಡೆನಲ್ಲ ಎಂದು ಉಪಾಯಣ್ಣ ಹಣೆ ಚಚ್ಚಿಕೊಂಡ. ಹೊಟ್ಟೆನೋವೆಂದು ಮನೆಗೆ ಓಡಿಬಿಡಲೇ ಎಂದೂ ಯೋಚಿಸಿದ. ಮನೆಯಲ್ಲಿ ಹೆಂಡತಿ ಇದ್ದಾಳೆ ಎಂಬುದು ನೆನಪಾಗಿ ಅಲ್ಲೇ ನಿಂತ.

ಅಷ್ಟರಲ್ಲಿ ಗಿರಾಕಿಯೇ ಬಂದುಬಿಟ್ಟ. ಹೇಳಿದ್ದಕ್ಕಿಂತ ಬೇಗ, ಏದುಸಿರು ಬಿಡುತ್ತ.

"ಎಲ್ಲಿ ಪ್ಲೇಟು? ಕೊರೆದಾಯ್ತಾ?"

ಉಪಾಯಣ್ಣ ಪ್ಲೇಟನ್ನು ಮುಂದಿಟ್ಟ. ಗಿರಾಕಿ ವರ್ನಿಯರ್ ತೆಗೆದು ಅಳೆದ. ಮತ್ತೊಮ್ಮೆ ಅಳೆದ. ಯಜಮಾನರು ಚಹಾದ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಇದು ಡ್ರಾಯಿಂಗಿನಲ್ಲಿ ಇದ್ದ ಹಾಗಿಲ್ಲ" ಎಂದ ಗಿರಾಕಿ.

ಉಪಾಯಣ್ಣ ಕಣ್ಣು ಮುಚ್ಚಿಕೊಂಡ.

"ನಮ್ಮ ಡ್ರಾಯಿಂಗೇ ತಪ್ಪು ರೀ! ಅದರ ಪ್ರಕಾರ ಕೊರೆದ್ರೆ ಒಳಗಿರೋ ಬೋಲ್ಟಿಗೆ ತಾಗುತ್ತೆ. ಮಧ್ಯಾಹ್ನ ಗೊತ್ತಾಯ್ತು. ತಡೆಯೋಣ ಅಂತ ಓಡಿ ಬಂದೆ. ನೋಡಿದ್ರೆ ಈ ಪುಣ್ಯಾತ್ಮ ಆಗಲೇ ಪಕ್ಕಕ್ಕೆ ಸರಿಸಿದ್ದಾನೆ! ಏನಪ್ಪ, ನಿನಗೆ ಹೇಗೆ ಹೊಳೀತು?"

ಸತ್ತವನಿಗೆ ಜೀವ ಬಂದ ಹಾಗಾಯಿತು. "ಅದು... ಕೈಗೆ ಗೊತ್ತಾಗುತ್ತೆ ಸಾರ್" ಎಂದುಬಿಟ್ಟ ಉಪಾಯಣ್ಣ. ಮೈಕ್ರಾನನ ಮೂವತ್ತೆರಡು ಹಲ್ಲುಗಳೂ ಒಳಗೆ ಹೋದವು.

"ಇನ್ನೂ ಐವತ್ತು ಬೇಕು. ಆದರೆ ಇದೇ ಕೈಯಲ್ಲಿ ಆಗಬೇಕು. ಬೇರೆಯವರು ಮುಟ್ಟಕೂಡದು" ಎಂದ ಗಿರಾಕಿ.

ಯಜಮಾನರು ಲೋಟ ಕೆಳಗಿಟ್ಟರು. ಎಲ್ಲರನ್ನೂ ಕರೆದು ನಿಲ್ಲಿಸಿದರು. "ಬೆಳಿಗ್ಗೆ ಈತನನ್ನೇ ಫೋರ್‌ಮನ್ ಮಾಡೋಣ ಅಂದ್ಕೊಂಡಿದ್ದೆ. ಎಂಥ ಅನಾಹುತ ಆಗ್ತಿತ್ತು! ಇಂಥ ಕೈಯನ್ನ ತಗೊಂಡು ಹೋಗಿ ಕುರ್ಚೀಲಿ ಕೂರಿಸೋದಾ? ಇಲ್ಲ. ನಾನಿರೋವರೆಗೂ ನೀನು ಈ ಮಷಿನ್ ಬಿಟ್ಟು ಅಲ್ಲಾಡೋ ಹಾಗಿಲ್ಲ. ಇನ್ನು ಮೈಕ್ರಾನು... ಅವನು ಮಷಿನ್ ಮುಟ್ಟದಷ್ಟೂ ನಮಗೆ ಲಾಭ. ಅವನೇ ಫೋರ್‌ಮನ್ ಆಗ್ಲಿ."

"ಸಾರ್! ನಿಜ ಹೇಳ್ಬಿಡ್ತೀನಿ ಸಾರ್!" ಉಪಾಯಣ್ಣ ಕೂಗಿಕೊಂಡ. "ನನಗೇನೂ ಹೊಳೀಲಿಲ್ಲ. ಅಂಕಿ ಹಾರಿತ್ತು, ನಾನು ನೋಡ್ಲಿಲ್ಲ. ಕೆಲಸ ಕೆಡಿಸಿದ್ದೆ! ನನ್ನ ಕೈಯಲ್ಲಿ ಏನೂ ಇಲ್ಲ ಸಾರ್!"

ಗಿರಾಕಿ ಕೈಮುಗಿದ. "ಎಂಥಾ ವಿನಯ ರೀ! ನಮ್ಮಲ್ಲಿ ಇಂಥವರು ಒಬ್ಬರೂ ಇಲ್ಲ."

"ಕೇಳಿದ್ರಲ್ಲ?" ಯಜಮಾನರು ಉಳಿದವರಿಗೆ ಹೇಳಿದರು. "ಕಲೀರಿ."

ಜನ ಚದುರಿದರು. ಗಾಜಿನ ಕ್ಯಾಬಿನ್ನಿನೊಳಗೆ ಫೋರ್‌ಮನ್ ಕುರ್ಚಿ ಮೈಕ್ರಾನನ ಭಾರಕ್ಕೆ ಕಿರ‍್ರೆಂದು ತಿರುಗಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ.

"ಏ ಉಪಾಯ," ಒಳಗಿನಿಂದ ಮೈಕ್ರಾನನ ದನಿ ಬಂತು, "ಬಾ ಇಲ್ಲಿ."

"ಬಂದೆ ಸಾರ್" ಎಂದ ಉಪಾಯಣ್ಣ.