ನಮ್ಮ ಹಾಲ್‌ನಲ್ಲಿ ನಿಲ್ಲದೆ ಓಡಿದ ರೈಲು

ಆ ಭಾನುವಾರ ನಾನು ಒಂದು ಮಹಾ ತೀರ್ಮಾನಕ್ಕೆ ಬಂದಿದ್ದೆ. ಮನೆ ಮಾಲೀಕರ ಮನಸ್ಸನ್ನು ಹಬೆಯಿಂದ ಕರಗಿಸುವುದು!

ಹಬೆ ಎಂದರೆ ನಿಜವಾದ ಹಬೆಯೇ. ನನ್ನ ಹತ್ತಿರ ಮೊಳದುದ್ದದ ಒಂದು ಉಗಿ ಇಂಜಿನ್ ಇದೆ. ಬ್ಯಾಟರಿ ಹಾಕಿ ಓಡಿಸುವ ಆಟಿಕೆ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಅದರ ಹೊಟ್ಟೆಯಲ್ಲಿ ಲೈಟರಿಗೆ ತುಂಬುವಂಥ ಗ್ಯಾಸು, ಒಂದು ಲೋಟ ನೀರು, ಅಸಲಿ ಬೆಂಕಿ, ಅಸಲಿ ಉಗಿ. ಆಫೀಸಿನಲ್ಲಿ ಜೆರಾಕ್ಸ್ ಮಷೀನ್ ಕೂಡ ನನ್ನ ಮಾತು ಕೇಳುವುದಿಲ್ಲ. ಮನೆಯ ಹಾಲ್‌ನಲ್ಲಿ ಮಾತ್ರ, ಊಟದ ಮೇಜನ್ನೂ ಸೋಫಾವನ್ನೂ ಸುತ್ತುವ ಹಳಿಯ ಮಟ್ಟಿಗೆ, ಇಡೀ ರೈಲ್ವೆ ಇಲಾಖೆ ನಾನೊಬ್ಬನೇ.

ಬಾಡಿಗೆ ಕರಾರು ಮುಗಿಯುವುದರಲ್ಲಿತ್ತು. ನಮ್ಮ ಮಾಲೀಕರು ಕರಾರು ಹೊಸದು ಮಾಡುವ ಮುಂಚೆ ಒಮ್ಮೆ ಬರುತ್ತಾರೆ. ಗೋಡೆ ನೋಡುವುದಿಲ್ಲ, ನಲ್ಲಿ ತಿರುಗಿಸುವುದಿಲ್ಲ. ಬಾಗಿಲಲ್ಲಿ ಶೂ ಬಿಚ್ಚಿ, ಬರೀ ಸಾಕ್ಸಿನಲ್ಲಿ, ತಮ್ಮ ಪ್ರಾಣಕ್ಕಿಂತ ಪ್ರಿಯವಾದ ಮರದ ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ಮೆಲ್ಲಗೆ ನಡೆಯುತ್ತಾರೆ. ಗೀರಿದ್ದರೆ ಪಾದಕ್ಕೆ ಗೊತ್ತಾಗುತ್ತದಂತೆ. ಮೇಲಿನ ಮನೆಯವರು ಒಂದು ಕುರ್ಚಿ ಎಳೆದ ಗುರುತಿಗಾಗಿ ಮನೆ ಬಿಟ್ಟಿದ್ದರು. ನಾವು ಬಿಟ್ಟರೆ ಹೆಂಡತಿಯ ಕ್ಲಿನಿಕ್ಕಿಗೆ ಇಷ್ಟು ಹತ್ತಿರ ಇನ್ನೊಂದು ಮನೆ ಸಿಗುವಂತಿರಲಿಲ್ಲ.

"ರೀ, ಅವರು ಬಂದು ಹೋಗೋವರೆಗೂ ಆ ಇಂಜಿನ್ನನ್ನ ಅಟ್ಟದ ಮೇಲೆ ಇಡಿ. ಕೈ ಮುಗೀತೀನಿ" ಎಂದಳು ಹೆಂಡತಿ.

"ಇಂಥ ಬಾಡಿಗೆದಾರ ಇನ್ನೆಲ್ಲೂ ಸಿಗಲ್ಲ ಅಂತ ಅವರಿಗೆ ಗೊತ್ತಾಗಬೇಕು ಕಣೆ."

"ಅದು ಗೊತ್ತಾಗಬಾರದು ಅಂತಾನೇ ಹೇಳ್ತಿರೋದು."

ಮಾಲೀಕರು ಬಂದರು. ಹಳಿಯನ್ನು ಹುಷಾರಾಗಿ ದಾಟುತ್ತ ನಡೆದರು. "ನೆಲ ಚೆನ್ನಾಗಿ ಇಟ್ಕೊಂಡಿದ್ದೀರ" ಎಂದು, ಮೇಜಿನ ಮೇಲಿದ್ದ ಕರಾರಿಗೆ ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದರು. ಹೆಂಡತಿ ನನ್ನತ್ತ ನೋಡಿದಳು. ಇಲ್ಲಿಗೆ ಸಾಕು ಎಂದು ಆ ನೋಟ ಬೇಡುತ್ತಿತ್ತು. ಬುದ್ಧಿ ಇದ್ದವನು ಕಾಫಿ ತರಲು ಎದ್ದು ಹೋಗುತ್ತಿದ್ದ. ನಾನು ಇಂಜಿನ್ನಿಗೆ ಹೊದಿಸಿದ್ದ ಬಟ್ಟೆ ಎಳೆದೆ.

"ಇದು ಹಬೆಯ ತಿರುಪು ಸರ್. ಹೀಗೆ ತೆರೆದ್ರೆ ಹೊರಡುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಎಲ್ಲಾ ಡ್ರೈವರ್ ಕೈಯಲ್ಲಿ." ತೆರೆದು ತೋರಿಸಿದೆ. ಮುಚ್ಚಿಯೂ ತೋರಿಸುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವರು, "ಇದು ಸಿಡಿಯಲ್ವಾ?" ಎಂದು ಕೇಳಿಬಿಟ್ಟರು.

ಒಬ್ಬ ಡ್ರೈವರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಕವಾಟದ ಬಗ್ಗೆ ಭಾಷಣ ಶುರುಮಾಡಿದೆ. ಮಾತಿನ ನಡುವೆಯೇ ಬೆಂಕಿ ಹಚ್ಚಿದೆ. ನೀರು ಕುದಿಯಿತು, ಒತ್ತಡದ ಮುಳ್ಳು ಏರಿತು, ನನ್ನ ಭಾಷಣವೂ ಏರಿತು. ಇಂಜಿನ್ನಿಗೆ ಬೆನ್ನು ಹಾಕಿ, ಹಬೆಯ ಶಿಸ್ತು ಎಂದರೇನು ಎಂಬ ಘಟ್ಟಕ್ಕೆ ಬಂದಿದ್ದೆ.

ತಣ್ಣಗಿರುವ ಇಂಜಿನ್ನಿನ ಒಳಗೆ ಮೊದಲು ನುಗ್ಗಿದ ಹಬೆ ನೀರಾಗಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತಿರುಪು ತೆರೆದೇ ಇದ್ದರೂ ಅದು ಪರಮ ಸಾಧುವಿನಂತೆ ನಿಂತಿತ್ತು.

"ಇದ್ಯಾಕೆ ಅಲುಗಾಡ್ತಾನೇ ಇಲ್ಲ?" ಎಂದು ಮಾಲೀಕರು ಬಗ್ಗಿ, ಬೆರಳ ತುದಿಯಿಂದ ಹಿಂದಿನಿಂದ ಒಂದು ಸಣ್ಣ ನೂಕು ನೂಕಿದರು.

ಇಂಜಿನ್ ಕೆಮ್ಮಿತು. ಚಿಮಣಿಯಿಂದ ಎಣ್ಣೆ ಬೆರೆತ ಕಪ್ಪು ನೀರು ಅವರ ಬಿಳಿ ಸಾಕ್ಸಿನ ಮೇಲೆ ಉಗಿಯಿತು. ಆಮೇಲೆ ಹೊರಟಿತು ನೋಡಿ, ಬೆನ್ನಟ್ಟಿಸಿಕೊಂಡ ಕಳ್ಳನ ಹಾಗೆ! ಹಿಂದೆ ರೈಲು ಡಬ್ಬಿಗಳಿದ್ದರೆ ಭಾರಕ್ಕಾದರೂ ಮರ್ಯಾದೆಯಿಂದ ಓಡುತ್ತಿತ್ತು. ಅವುಗಳನ್ನು ಎರಡನೆಯ ಅಂಕಕ್ಕೆಂದು ನಾನೇ ತೆಗೆದಿಟ್ಟಿದ್ದೆ. ಪ್ರತಿ ತಿರುವಿನಲ್ಲೂ ಆ ನೆಲದ ಮೇಲೆ ಎಣ್ಣೆಯ ಹನಿ. ಸಾಕ್ಸು ಜಾರಿದ್ದೇ ತಡ, ಮಾಲೀಕರು ಊಟದ ಕುರ್ಚಿ ಹತ್ತಿ ನಿಂತರು.

"ಮುಚ್ಚಿದ್ರೆ ನಿಲ್ಲುತ್ತೆ ಅಂದ್ರಲ್ಲ, ಮುಚ್ಚಿ."

"ಮುಚ್ಚೋಕೆ ಮೊದಲು ಅದು ನಿಲ್ಲಬೇಕು ಸರ್." ಹಿಡಿಯಲು ಕೈಹಾಕಿ ಎರಡು ಬೆರಳು ಸುಟ್ಟುಕೊಂಡಿದ್ದೆ. ಅವನ್ನು ಬಾಯಲ್ಲಿಟ್ಟುಕೊಂಡೇ ಮುಂದುವರಿಸಿದೆ. "ಗ್ಯಾಸ್ ಮುಗಿದ್ರೆ ತಾನೇ ನಿಲ್ಲುತ್ತೆ."

"ಯಾವಾಗ ಮುಗಿಯುತ್ತೆ?"

"ನೀವು ಬರ್ತೀರಂತ ಪೂರ್ತಿ ತುಂಬಿಸಿದ್ದೀನಿ."

"ಅಲ್ಲೀವರೆಗೂ ನಾನು ಇಲ್ಲೇ ನಿಂತಿರ್ಬೇಕಾ?"

"ಕುರ್ಚಿ ಗಟ್ಟಿ ಇದೆ ಸರ್."

ಅಡುಗೆಮನೆಯಿಂದ ಹೆಂಡತಿ ಬಂದಳು. ಎರಡೂ ಕೈಗೆ ಓವನ್ನಿನ ದಪ್ಪ ಗ್ಲೌಸು. ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಸುತ್ತು ಸುಮ್ಮನೆ ನೋಡಿದಳು. ಮುಂದಿನ ಸುತ್ತಿಗೆ ತುಂಟ ಮಗುವನ್ನು ಎತ್ತುವಂತೆ ಎತ್ತಿಬಿಟ್ಟಳು. ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು.

"ರೀ, ಎಲ್ಲಿ ಆರಿಸೋದು?"

"ಒಳಗೆ ಎಡಗಡೆ. ಅಲ್ಲ, ಬಲಗಡೆ. ನನಗೆ ಎದುರು ಇದ್ರೆ ಎಡಗಡೆ."

"ನೀವು ಸುಮ್ಮನಿರಿ."

ಅವಳೇ ನೋಡಿ ತಿರುಗಿಸಿದಳು. ಬೆಂಕಿ ಆರಿತು, ಉಳಿದ ಹಬೆ ತೀರಿ ಚಕ್ರವೂ ನಿಂತಿತು. ಮಾಲೀಕರು ಕುರ್ಚಿಯಿಂದ ಇಳಿದದ್ದು, ಸಾಕ್ಸು ಕಳಚಿದ್ದು, ಬರಿಗಾಲಲ್ಲಿ ಹನಿಗಳನ್ನು ತಪ್ಪಿಸುತ್ತ ಮೇಜಿನ ತನಕ ನಡೆದದ್ದು, ಎಲ್ಲವೂ ಬೇರೆ ಬೇರೆಯಾಗಿ ಕೇಳಿಸಿತು. ನಾನು ಮನಸ್ಸಿನಲ್ಲೇ ಪಾತ್ರೆಪಡಗ ಕಟ್ಟತೊಡಗಿದೆ.

ಅವರು ಕರಾರಿನಲ್ಲಿ ನನ್ನ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿದರು. ನನ್ನತ್ತ ತಿರುಗಿಯೂ ನೋಡದೆ ಹೆಂಡತಿಗೆ ಹೇಳಿದರು:

"ಅಮ್ಮಾ, ಈ ಸಲ ಮನೆ ನಿಮ್ಮ ಹೆಸರಿಗೆ ಕೊಡ್ತೀನಿ. ಇವರನ್ನ ಇಟ್ಕೊಳ್ಳೋದು ಬಿಡೋದು ನಿಮಗೆ ಸೇರಿದ್ದು."

ಹೆಂಡತಿ ಗ್ಲೌಸು ಬಿಚ್ಚುತ್ತ, ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಯೋಚನೆ ಮಾಡಿ ಹೇಳ್ತೀನಿ ಸರ್. ಮೊದಲು ನೆಲ ಒರೆಸ್ಲಿ."