ಪ್ರೋಟೀನ್ ಮೇಷ್ಟ್ರ ಪಥ್ಯ

ನಗಬಾರದ ಜಾಗದಲ್ಲೇ ನಗು ಬರೋದು, ಅದೂ ತಡೆಯೋಕೆ ಆಗದ ಹಾಗೆ. ಆಸ್ಪತ್ರೆ, ಪರೀಕ್ಷೆ ಹಾಲ್, ಸಾವಿನ ಮನೆ. ನಾನು ಕಂಡ ಒಳ್ಳೊಳ್ಳೆ ತಮಾಷೆಗಳೆಲ್ಲ ನಡೆದಿದ್ದು ಇಂಥ ಕಡೆಯೇ.

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಚಿಕ್ಕಪೇಟೆಯಲ್ಲಿ ಬಟ್ಟೆ ಗಂಟು ಹೊತ್ತೆ, ಲಾರಿ ಹತ್ತಿ ಹುಬ್ಬಳ್ಳಿ, ಪೂನಾ ಅಂತ ತಿರುಗಿದೆ, ಎಲ್ಲೂ ಕಾಲು ನಿಲ್ಲಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬಸವನಗುಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಸಿಕ್ಕಿತು. ಬಯೋಕೆಮಿಸ್ಟ್ರಿ ವಿಭಾಗ. ವಿಭಾಗ ಅಂದರೆ ಒಂದು ಕೋಣೆ, ಒಬ್ಬರೇ ಮೇಷ್ಟ್ರು, ಬೆರಳೆಣಿಕೆಯಷ್ಟು ಮಕ್ಕಳು. ಮೊದಲ ಸಂಬಳ ಕೈಗೆ ಬಂದ ದಿನ ಓಡಿಹೋಗೋಣ ಅಂತಲೇ ಸೇರಿದ್ದು. ಆದರೆ ಮೇಷ್ಟ್ರ ಎರಡೂ ಕಿಡ್ನಿ ಕೈಕೊಡುತ್ತಿದ್ದವು. ಆ ಕಡೆ ವಿಭಾಗವನ್ನ ಮುಚ್ಚೋಕೆ ಪ್ರಿನ್ಸಿಪಾಲರು ಕಾಯುತ್ತಿದ್ದರು.

"ನಾನು ಮೊದಲೋ ಲ್ಯಾಬ್ ಮೊದಲೋ ನೋಡೇಬಿಡೋಣ ಕಣಯ್ಯ," ಅನ್ನೋರು ಮೇಷ್ಟ್ರು. "ನಾನು ಮೊದಲಾದ್ರೆ ಬೇಜಾರಿಲ್ಲ."

ಇಂಥವರನ್ನ ಬಿಟ್ಟು ಓಡೋದು ಹ್ಯಾಗೆ?

ಗಂಧ, ಕುಂಕುಮ

ನಮ್ಮಲ್ಲಿ ಒಂದು ಪಿಎಚ್ ಮೀಟರ್ ಇತ್ತು. ಕೊಟ್ಟ ನೀರು ಹುಳಿಯೋ ಕ್ಷಾರವೋ ಅಂತ ಅಂಕಿಯಲ್ಲಿ ಹೇಳೋ ಯಂತ್ರ. ಅದರ ಗಾಜಿನ ಕಡ್ಡಿಯ ತುದಿಯಲ್ಲಿ ಗುಳ್ಳೆಯಂಥ ಪುಟ್ಟ ಬುಡ್ಡೆ. ಅದನ್ನ ಬೆರಳಲ್ಲೂ ಮುಟ್ಟೋ ಹಾಗಿಲ್ಲ. ಬಫರ್ ಪಾಠಕ್ಕೆ ಮೇಷ್ಟ್ರು ನೆಚ್ಚಿಕೊಂಡಿದ್ದೇ ಅದನ್ನ.

"ಬಫರ್ ಅಂದ್ರೆ ದೊಡ್ಡ ಸಂಸಾರದ ಹಿರೇಸೊಸೆ ಇದ್ದ ಹಾಗೆ," ಅನ್ನೋರು. "ಆಸಿಡ್ ಹಾಕಿ, ನುಂಗ್ತಾಳೆ. ಕ್ಷಾರ ಹಾಕಿ, ಅದನ್ನೂ ನುಂಗ್ತಾಳೆ. ಮುಖ ಮಾತ್ರ ಬದಲಾಗಲ್ಲ. ಆದ್ರೆ ನುಂಗೋಕೆ ಜಾಗ ಮುಗಿದ ದಿನ ಒಂದೇ ಒಂದು ತೊಟ್ಟು ಸಾಕು, ಮನೆ ರಣರಂಗ."

ಮಕ್ಕಳು ಹೋದ ಮೇಲೆ, ರಕ್ತದ ಹುಳಿ ಇಳಿಸೋಕೆ ಡಾಕ್ಟರು ಕೊಟ್ಟ ಸೋಡಾ ಮಾತ್ರೆ ನುಂಗುತ್ತಾ ನನಗೆ ಹೇಳೋರು: "ನನ್ನ ರಕ್ತದಲ್ಲಿರೋ ಸೊಸೆ ಸುಸ್ತಾಗಿದಾಳೆ ಕಣಯ್ಯ."

ಆ ವರ್ಷ ಆಯುಧಪೂಜೆಗೆ ಪ್ರಿನ್ಸಿಪಾಲರೇ ಖುದ್ದಾಗಿ ತಟ್ಟೆ ಹಿಡಿದು ಕೋಣೆ ಕೋಣೆ ಸುತ್ತಿದರು. ತಕ್ಕಡಿಗೆ ಕುಂಕುಮ, ಒಲೆಗೆ ಕುಂಕುಮ, ಗೋಡೆ ಗಡಿಯಾರಕ್ಕೂ ಕುಂಕುಮ. ಮೀಟರಿನ ಮುಂದೆ ನಿಂತು ಇದರ ಮುಖ ಯಾವುದು ಅಂತ ಹುಡುಕಿದರು. ಬುಡ್ಡೆ ಕಾಣಿಸಿತು. ಮೇಷ್ಟ್ರು "ಸಾರ್..." ಅನ್ನೋ ಅಷ್ಟರಲ್ಲಿ ಅದಕ್ಕೆ ಗಂಧ ಬಳಿದು, ಮೇಲೊಂದು ಕುಂಕುಮ ಒತ್ತಿ, ಕೈ ಮುಗಿದೂ ಆಗಿತ್ತು.

ರಜಾ ಮುಗಿಸಿ ಬಂದು ನೋಡಿದರೆ ನಿಂಬೆರಸ ಇಟ್ಟರೂ ಏಳು, ಸೋಪಿನ ನೀರು ಇಟ್ಟರೂ ಏಳು. ಏಳು ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಬರೀ ನೀರು. ಎಷ್ಟು ತೊಳೆದರೂ ಅಷ್ಟೇ. ಹೊಸ ಕಡ್ಡಿ ಕೇಳೋಕೆ ಹೋದೆವು.

"ಮುಚ್ಚೋ ವಿಭಾಗಕ್ಕೆ ಹೊಸದು ಯಾಕ್ರೀ? ಇದಕ್ಕೇನಾಗಿದೆ?" ಅಂದರು ಪ್ರಿನ್ಸಿಪಾಲರು.

"ಏನೂ ಆಗಿಲ್ಲ ಸಾರ್," ಅಂದರು ಮೇಷ್ಟ್ರು. "ನಿಮ್ಮ ಪೂಜೆಯಿಂದ ಅದಕ್ಕೆ ಜ್ಞಾನೋದಯ ಆಗಿದೆ. ನಿಂಬೆರಸಕ್ಕೂ ಸೋಪಿನ ನೀರಿಗೂ ಈಗ ಒಂದೇ ಭಾವ."

ನೇರಳೆ ಕೈ

ಅಮೈನೋ ಆಮ್ಲ ಅಂದರೆ ಪ್ರೋಟೀನ್ ಅನ್ನೋ ಹಾರದ ಒಂದೊಂದು ಹೂವು ಅಂತ ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದರು. ಅದನ್ನ ಕಂಡುಹಿಡಿಯೋಕೆ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ದ್ರಾವಣದಲ್ಲಿ ನಿಲ್ಲಿಸಿ, ಆಮೇಲೆ ಒಂದು ಔಷಧಿ ಚಿಮುಕಿಸಿ ಬಿಸಿ ಮಾಡಬೇಕು. ಎಲ್ಲಿ ಅಮೈನೋ ಆಮ್ಲ ಇದೆಯೋ ಅಲ್ಲಿ ನೇರಳೆ ಬಣ್ಣ. ಮನುಷ್ಯನ ಬೆವರಲ್ಲೂ ಅದು ಇರೋದರಿಂದ ಕಾಗದ ಮುಟ್ಟೋ ಹಾಗಿಲ್ಲ, ಚಿಮಟದಲ್ಲೇ ಹಿಡಿಯಬೇಕು.

ವರ್ಷದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಮಕ್ಕಳು ಕಮ್ಮಿ ಮಾರ್ಕ್ಸ್ ತಗೊಂಡರೆ ವಿಭಾಗ ಮುಚ್ಚೋಕೆ ಪ್ರಿನ್ಸಿಪಾಲರಿಗೆ ಅದೊಂದೇ ನೆಪ ಸಾಕಿತ್ತು. ಹಾಗಾಗಿ ನಾವಿಬ್ಬರೂ ಬಾಯಿ ಬಿಗಿಹಿಡಿದು ನಿಂತಿದ್ದೆವು. ಪರೀಕ್ಷಕರು ಗಾಂಧಿಬಜಾರಿನಲ್ಲಿ ವಡೆ ಸಾಂಬಾರ್ ಮುಗಿಸಿ, ಕೈಯನ್ನ ಪೇಪರಿಗೆ ಒರೆಸಿಕೊಂಡು ಸೀದಾ ಬಂದಿದ್ದರು. "ಇದೇನಮ್ಮಾ? ನಿಂದೇನಪ್ಪಾ?" ಅಂತ ಪ್ರತಿಯೊಬ್ಬರ ಕಾಗದವನ್ನೂ ಅಂಗೈ ಮೇಲೆ ಹರಡಿಕೊಂಡು ನೋಡಿದರು.

ಕಾಗದಗಳಿಗೆ ಔಷಧಿ ಚಿಮುಕಿಸಿ ಬಿಸಿ ಮಾಡಿದ್ದನ್ನ ನೋಡಿ ಪರೀಕ್ಷಕರ ಮುಖ ಕೆಂಪಾಯಿತು. "ಎಲ್ಲರಿಗೂ ಒಂದೇ ಥರ ಬಂದಿದೆಯಲ್ರೀ! ಕಾಪಿ ಹೊಡೆದಿದಾರೆ!"

"ಕಾಪಿನೇ ಸಾರ್," ಅಂದರು ಮೇಷ್ಟ್ರು. "ಮೂಲ ಪ್ರತಿ ನಿಮ್ಮ ಹತ್ರ ಇದೆ. ಸ್ವಲ್ಪ ಬಲಗೈ ಕೊಡಿ."

ಕಾಗದದ ಮೇಲಿನ ನೇರಳೆ ಕೈಗೆ ಅವರ ಕೈ ಹೇಳಿಮಾಡಿಸಿದ ಹಾಗೆ ಕೂತಿತು, ಉಂಗುರದ ಜಾಗ ಸಮೇತ. ಅವತ್ತು ಎಲ್ಲರೂ ಪಾಸು. ಫೇಲ್ ಮಾಡೋದಿದ್ದರೆ ಮೊದಲು ಆ ಕೈಯನ್ನ ಮಾಡಬೇಕಿತ್ತಲ್ಲ.

ಮೊಟ್ಟೆ

ಮೇಷ್ಟ್ರಿಗೆ ಡಾಕ್ಟರು ಬೇಳೆ, ಮೊಸರು, ವಡೆ ಎಲ್ಲ ನಿಲ್ಲಿಸಿದ್ದರು. "ಪ್ರೋಟೀನ್ ಪಾಠ ಮಾಡಬಹುದಂತೆ, ತಿನ್ನೋ ಹಾಗಿಲ್ಲವಂತೆ," ಅಂತ ತಿಳಿಸಾರು ಅನ್ನ ಕಲಸುತ್ತಾ ಹೇಳೋರು. ಉದ್ದಿನ ವಡೆ ಅಂದರೆ ಅವರಿಗೆ ಪ್ರಾಣ. ಗಾಂಧಿಬಜಾರಿನಲ್ಲಿ ವಡೆ ಕರಿಯೋ ವಾಸನೆ ಬಂದರೆ ನಿಂತು ಒಂದು ಉಸಿರು ಎಳೆದುಕೊಂಡು ಮುಂದೆ ಹೋಗೋರು. ಅಮ್ಮಾವ್ರು, ಅಂದರೆ ಅವರ ಹೆಂಡತಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಹೀಗಿರುವಾಗ ಪಾಠಕ್ಕೆ ಮೊಟ್ಟೆ ಬೇಕಾಯಿತು. ನಾನು ಕಾಟನ್‌ಪೇಟೆಯಿಂದ ಟವೆಲ್ಲಿನಲ್ಲಿ ಸುತ್ತಿ ತಂದೆ. ಬೀದಿಯ ಯಾರೋ ಕಂಡು, "ಮೇಷ್ಟ್ರಿಗೆ ದಿನಾ ಮೊಟ್ಟೆ ಸಪ್ಲೈ ಆಗ್ತಿದೆ," ಅಂತ, ಮೊಟ್ಟೆಯ ಹೆಸರೂ ಎತ್ತದ ಆ ಮನೆಗೆ ಸುದ್ದಿ ಮುಟ್ಟಿಸಿದರು. ಅಮ್ಮಾವ್ರು ಚಪ್ಪಲಿಯನ್ನೂ ಬಿಡದೆ ಲ್ಯಾಬಿಗೆ ನುಗ್ಗಿದರು. ಮೇಷ್ಟ್ರ ಕೈಯಲ್ಲಿ ಗಾಜಿನ ನಳಿಕೆ, ಅದರೊಳಗೆ ಬೆಂದ ಮೊಟ್ಟೆಯ ಬಿಳಿ.

"ಏನ್ರೀ ಇದು?"

"ಪ್ರೋಟೀನ್ ಕಣೇ. ಸರಿಯಾಗಿ ಮಡಚಿಕೊಂಡಿದ್ರೆ ಮಾತ್ರ ಅದು ಕೆಲಸ ಮಾಡೋದು. ಕಾಯಿಸಿದ್ರೆ ಮಡಿಕೆ ಬಿಚ್ಚಿ ಹೀಗೆ ಗಟ್ಟಿಯಾಗುತ್ತೆ. ಮತ್ತೆ ಹಸಿ ಮಾಡೋಕಾಗಲ್ಲ."

ಅಮ್ಮಾವ್ರು ಸ್ವಲ್ಪ ಹೊತ್ತು ನಳಿಕೆಯನ್ನೇ ನೋಡಿದರು. "ಕಿಡ್ನಿನೂ ಅಷ್ಟೇನಾ?" ಅಂತ ಕೇಳಿದರು.

ಮೇಷ್ಟ್ರು ನಳಿಕೆಯನ್ನ ಸ್ಟ್ಯಾಂಡಿಗೆ ಸಿಕ್ಕಿಸಿದರು. ನಾನು ಸುಮ್ಮನೆ ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಆಮೇಲೆ ಅಮ್ಮಾವ್ರು ಸೆರಗಿನಿಂದ ಮೂಗು ಒರೆಸಿಕೊಂಡು, "ಅದಿರಲಿ, ಇದನ್ನ ತಿಂದ್ರಾ?" ಅಂದರು.

"ಛೇ, ಡಾಕ್ಟ್ರು ಬೇಡ ಅಂದಿಲ್ವೇನೇ?"

"ಅಯ್ಯೋ ಶಿವನೇ!" ಅಂತ ಹಣೆ ಹಣೆ ಚಚ್ಚಿಕೊಂಡರು ಅಮ್ಮಾವ್ರು. "ಡಾಕ್ಟ್ರಿಗೆ ಹೆದರಿ ಬಿಟ್ರಂತೆ! ಮನೆ ದೇವರು ಲೆಕ್ಕಕ್ಕೇ ಇಲ್ಲ!"

ಹಾರ

ವಿಭಾಗ ಉಳಿಯಬೇಕೋ ಬೇಡವೋ ಅಂತ ನೋಡೋಕೆ ಯೂನಿವರ್ಸಿಟಿಯಿಂದ ಕಮಿಟಿ ಬರೋದಿತ್ತು. ತೋರಿಸೋಕೆ ನಮ್ಮಲ್ಲೇನಿದೆ? ಮೀಟರ್‌ಗೆ ಜ್ಞಾನೋದಯ ಆಗಿದೆ. ಮೇಷ್ಟ್ರು ಒಂದು ಪ್ರೋಟೀನಿನ ಮಾದರಿ ಮಾಡಿಡೋಣ ಅಂದರು. ಇನ್ಸುಲಿನ್. ಎರಡು ಎಳೆ, ನಡುವೆ ಕೊಂಡಿ.

ಚಿಕ್ಕಪೇಟೆಯಿಂದ ಬಣ್ಣ ಬಣ್ಣದ ಮಣಿ ತಂದೆ, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಬಣ್ಣ. ಪೋಣಿಸೋಕೆ ಗಾಂಧಿಬಜಾರಿನ ಹೂವಿನವಳಿಗೆ ಕೊಟ್ಟೆ. ಅವಳು ಅಭ್ಯಾಸಬಲದಿಂದ ತುದಿಗೊಂದು ಜರಿ ಕುಚ್ಚು ಕಟ್ಟಿಯೇ ಕೊಟ್ಟಳು. ಕೊಂಡಿಗೆ ಮೇಷ್ಟ್ರು ಸೇಫ್ಟಿ ಪಿನ್ನು ಹಾಕಿದರು. ಊದಿದ ಕಾಲನ್ನ ಸ್ಟೂಲಿನ ಮೇಲಿಟ್ಟುಕೊಂಡು, ಅದನ್ನ ಹೇಗೆ ಮಡಚಬೇಕೋ ಹಾಗೆ ಮಡಚಿ, ತಟ್ಟೆಯಲ್ಲಿ ಇಟ್ಟರು.

ಕಮಿಟಿ ಬಂತು. ಅಧ್ಯಕ್ಷರು ಕಾಮರ್ಸಿನವರು. ಸ್ವಾಗತದ ಹಾರ ತರೋಕೆ ಹೋದ ಜವಾನ ಇನ್ನೂ ಬಂದಿಲ್ಲ. ಪ್ರಿನ್ಸಿಪಾಲರು ಬೆವರುತ್ತಾ ಆ ಕಡೆ ಈ ಕಡೆ ನೋಡಿದರು. ತಟ್ಟೆ ಕಾಣಿಸಿತು, ಕುಚ್ಚೂ ಕಾಣಿಸಿತು. ಎತ್ತಿ, ಒದರಿ, ಮಡಿಕೆಯೆಲ್ಲ ಬಿಚ್ಚಿ, ಅಧ್ಯಕ್ಷರ ಕೊರಳಿಗೆ ಹಾಕಿಯೇಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಬಿಚ್ಚಿಕೊಂಡಿದ್ದ ಪಿನ್ನೊಂದು ತನ್ನ ಕೆಲಸ ಮಾಡಿತು. "ಹಾ!" ಅಂದರು ಅಧ್ಯಕ್ಷರು. "ಏನ್ರೀ ಇದು, ಚುಚ್ಚುತ್ತೆ?"

"ಇನ್ಸುಲಿನ್ನು ಸಾರ್," ಅಂದರು ಮೇಷ್ಟ್ರು, ಅಳೋ ದನಿಯಲ್ಲಿ.

ಅಧ್ಯಕ್ಷರು ತಲೆ ಬಗ್ಗಿಸಿ ಕೊರಳನ್ನ ನೋಡಿಕೊಂಡರು. "ಹಂಗಾದ್ರೆ ಸರಿಬಿಡಿ. ನನಗೆ ಅದು ದಿನಾ ಬೆಳಿಗ್ಗೆ ಚುಚ್ಚುತ್ತೆ. ಮುಖ ನೋಡಿದ್ದು ಇವತ್ತೇ."

ಕಾಗೆ

ಅಧ್ಯಕ್ಷರು ಆ ಹಾರ ಹಾಕಿಕೊಂಡೇ ಪೂರ್ತಿ ಪಾಠ ಕೇಳಿ, ವಿಭಾಗ ಇರಲಿ ಅಂತ ಬರೆದು ಹೋದರು. ಹೊಸ ಮಕ್ಕಳೂ ಸೇರಿದರು. ಆದರೆ ಪ್ರಿನ್ಸಿಪಾಲರು ಬಿಡಬೇಕಲ್ಲ? "ಈ ವರ್ಷ ಆಗಲಿ, ಆಮೇಲೆ ಇವರನ್ನೆಲ್ಲ ಬಾಟನಿಗೆ ಹಾಕೋಣ," ಅಂತ ಓಡಾಡಿಕೊಂಡಿದ್ದರು. ಆಸ್ಪತ್ರೆಯಲ್ಲಿ ಮಲಗಿಕೊಂಡೂ ಮೇಷ್ಟ್ರಿಗೆ ಅದೇ ಚಿಂತೆ. "ನನ್ನ ಮಕ್ಕಳನ್ನ ಬಾಟನಿಗೆ ಹಾಕಿಬಿಡ್ತಾರಾ?" ಅಂತ ನನ್ನ ಕೈ ಹಿಡಿದು ಕೇಳಿದ್ದೇ ಅವರ ಕೊನೆಯ ಮಾತು. ಲ್ಯಾಬಿಗಿಂತ ಮೊದಲು ಅವರೇ ಹೋದರು.

ಚಾಮರಾಜಪೇಟೆಯ ಕಡೆ ಉತ್ತರಕ್ರಿಯೆ ಮಾಡಿಸೋ ಜಾಗದಲ್ಲಿ ಪಿಂಡ ಇಟ್ಟರು. ಕಾಗೆ ಬಂತು. ಗೋಡೆ ಮೇಲೆ ಕೂತಿತು. ಇಳಿಯಲಿಲ್ಲ. ಬಿಸಿಲು ಏರಿತು, ಹಸಿವೂ ಏರಿತು, ಕಾಗೆ ಅಲ್ಲಾಡಲಿಲ್ಲ.

"ಏನೋ ಆಸೆ ಉಳಿದಿದೆ," ಅಂದರು ಪುರೋಹಿತರು. "ಹತ್ತಿರದವರು ಮಾತು ಕೊಡಿ."

ಮೇಷ್ಟ್ರ ತಮ್ಮ ಮುಂದೆ ಬಂದು, "ಅಣ್ಣಾ, ಅತ್ತಿಗೇನ ನಾನು ನೋಡ್ಕೋತೀನಿ," ಅಂದರು. ಕಾಗೆ ರೆಕ್ಕೆ ಕೆದಕಿಕೊಂಡಿತು. ಅಮ್ಮಾವ್ರು, "ರೀ, ನಾನು ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ, ಬನ್ನಿ," ಅಂತ ಅತ್ತರು. ಕಾಗೆ ಆ ಕಡೆ ತಿರುಗಿ ಕೂತಿತು.

ಅಮ್ಮಾವ್ರು ಕಣ್ಣೊರೆಸಿಕೊಂಡು ಹಿಂದೆ ನೋಡಿದರು. ಹಿಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು. ಅಮ್ಮಾವ್ರ ಜೊತೆಗೇ ಎಲ್ಲರೂ ತಿರುಗಿ ಅವರನ್ನ ನೋಡಿದರು.

"ನಾನಾ?" ಅಂದರು ಪ್ರಿನ್ಸಿಪಾಲರು. ಬೇರೆ ದಾರಿ ಇಲ್ಲದೆ ಮುಂದೆ ಬಂದು ಗೋಡೆಗೆ ಕೈ ಮುಗಿದರು. "ಮೇಷ್ಟ್ರೇ, ಈ ವರ್ಷ ವಿಭಾಗ ಇರುತ್ತೆ ಬಿಡಿ."

ಕಾಗೆ ಕತ್ತು ಓರೆ ಮಾಡಿ ನೋಡಿತು. ಇಳಿಯಲಿಲ್ಲ.

"ಮುಂದಿನ ವರ್ಷಾನೂ ನೋಡೋಣ..."

"ಕಾ," ಅಂದಿತು ಕಾಗೆ.

"ನೋಡೋಣ ಅನ್ನಬೇಡಿ ಸ್ವಾಮಿ," ಅಂತ ಪುರೋಹಿತರು ರೇಗಿದರು. "ನನಗೆ ಇನ್ನೂ ಎರಡು ಮನೆ ಇದೆ."

"ಆಯ್ತು ಮೇಷ್ಟ್ರೇ! ಈಗ ಸೇರಿರೋ ಮಕ್ಕಳು ಡಿಗ್ರಿ ಮುಗಿಸೋವರೆಗೂ ಬಯೋಕೆಮಿಸ್ಟ್ರಿ ಮುಚ್ಚಲ್ಲ. ಯಾರನ್ನೂ ಬಾಟನಿಗೆ ಹಾಕಲ್ಲ. ನನ್ನಾಣೆ!"

ಕಾಗೆ ಟಪ್ಪನೆ ಇಳಿಯಿತು. ಪಿಂಡದ ಅನ್ನವನ್ನ ಮೂಸಿಯೂ ನೋಡಲಿಲ್ಲ. ಪಕ್ಕದಲ್ಲಿಟ್ಟಿದ್ದ ಉದ್ದಿನ ವಡೆ ಕಚ್ಚಿಕೊಂಡು, ಯಾರಾದರೂ ಕಿತ್ತುಕೊಂಡಾರು ಅನ್ನೋ ಹಾಗೆ ಹಾರಿಹೋಯಿತು.

ಅಮ್ಮಾವ್ರು ಅಳೋದನ್ನ ಅರ್ಧಕ್ಕೇ ನಿಲ್ಲಿಸಿದರು. "ನೋಡಿದ್ರಾ," ಅಂದರು ನನ್ನ ಕಡೆ ತಿರುಗಿ, "ಡಾಕ್ಟ್ರು ಕಣ್ಮರೆಯಾಗಿದ್ದೇ ತಡ!"