ಕಾಕಾನ ಕಾರ್ಡು, ಕಾಕಾನ ಟವೆಲ್ಲು

ನಮ್ಮ ಕಾಕಾನಷ್ಟು ಖರ್ಚು ಮಾಡುವ ಮನುಷ್ಯ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಬ್ಯಾಂಕೇ ಹೇಳುತ್ತದೆ! ಅವರ ಜೇಬಿನಿಂದ ಒಂದು ರೂಪಾಯಿ ಹೊರಬಿದ್ದದ್ದನ್ನು ಮಾತ್ರ ಕಾಕಿಯೂ ಕಂಡಿಲ್ಲ, ನಾನೂ ಕಂಡಿಲ್ಲ. ಬಸ್‌ಸ್ಟ್ಯಾಂಡಿನಿಂದ ಗಾಂಧಿ ಗಂಜ್ ಮಾರುಕಟ್ಟೆಗೆ ಆಟೋ ಹತ್ತಿದರೆ ರೊಕ್ಕ ದಂಡವೆಂದು ನಡೆದೇ ಹೋಗುವ, ನಡೆದರೆ ಚಪ್ಪಲಿ ಸವೆಯುತ್ತದೆಂದು ಅರ್ಧ ದಾರಿ ಅದನ್ನು ಕೈಯಲ್ಲಿ ಹಿಡಿಯುವ ಈ ಮಹಾನುಭಾವರ ಹತ್ತಿರ, ಕೈಬಿಚ್ಚಿ ಖರ್ಚು ಮಾಡುವ ಸಾಹುಕಾರರಿಗೆಂದೇ ಬ್ಯಾಂಕಿನವರು ಕೊಡುವ ಉಕ್ಕಿನ ಕ್ರೆಡಿಟ್ ಕಾರ್ಡ್ ಇದೆ. ಹೇಗೆ ಅಂತೀರಾ? ಹೇಳುತ್ತೇನೆ. ಆದರೆ ಹೇಳುವಾಗ ನನ್ನ ಮುಖ ನೋಡಬೇಡಿ, ನಾಚಿಕೆಯಾಗುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಗಾಂಧಿ ಗಂಜಿನಲ್ಲಿ ನಲವತ್ತು ವರ್ಷದಿಂದ ತೊಗರಿ, ಸೋಯಾ ದಲ್ಲಾಳಿಯ ಅಡತಿ ಅಂಗಡಿ. ನಾನು ಸಾಲಿ ಕಲಿತದ್ದು ಅವರ ಮನೆಯಲ್ಲಿದ್ದುಕೊಂಡು. ಈಗ ಭಾಲ್ಕಿಯಲ್ಲಿ ಮಾಸ್ತರನಾಗಿದ್ದೇನೆ, ಹೀಗಾಗಿ ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ‘ಮಾಸ್ತರ’ ಅನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಾಕಾನ ವಹಿವಾಟು ನೋಡಿ ಬ್ಯಾಂಕಿನ ಕಾರ್ಡಿನವನು ಬಂದ ದಿನ ನಾನೂ ಅಂಗಡಿಯಲ್ಲಿದ್ದೆ. ಟೈ ಕಟ್ಟಿದ ತರುಣ. ಕಾರ್ಡನ್ನು ರೇಷ್ಮೆ ಹಾಸಿನ ಡಬ್ಬಿಯಲ್ಲಿಟ್ಟು ತಂದಿದ್ದ. ಕಾಕಾ ಅದನ್ನು ಎತ್ತಿ ಅಂಗೈಯಲ್ಲಿ ತೂಗಿದರು. ನೆಲದ ಫರಸಿ ಕಲ್ಲಿನ ಮೇಲೆ ಕುಟ್ಟಿ ಸಪ್ಪಳ ಕೇಳಿದರು. ಆಮೇಲೆ ತೊಗರಿಕಾಳಿನ ತೇವ ನೋಡುವ ಹಾಗೆಯೇ ದವಡೆಗಿಟ್ಟು ಕಟಕ್ಕನೆ ಕಡಿದರು! ತರುಣ ಎದ್ದೇ ನಿಂತ.

“ಮಾಲು ಒಣಗ್ಯಾದ,” ಎಂದರು ಕಾಕಾ. “ಇನ್ನ ಗುಣ ಹೇಳ್ರಿ.”

“ಸರ್, ಇದರ ಮ್ಯಾಲ ಗಾಲ್ಫ್ ಫ್ರೀ ಅದ.”

“ಗಾಲ್ಫ್ ಅಂದ್ರ?”

“ಹುಲ್ಲಿನ್ಯಾಗ ಕೋಲು ಹಿಡ್ಕೊಂಡು ಚೆಂಡಿನ ಹಿಂದ ಅಡ್ಡಾಡೋದ್ರಿ.”

“ಅದನ್ನ ನಾವು ನಮ್ಮ ಹಳ್ಳಿ ಸಂತಪುರದಾಗ ಎಮ್ಮಿ ಹಿಂದ ಪುಕಟ್ ಮಾಡೇವಿ. ಮುಂದ?”

ಮುಂದೆ ವಿಮಾನ ನಿಲ್ದಾಣದ ಲಾಂಜಿನಲ್ಲಿ ಪುಕ್ಕಟೆ ಊಟ, ಖರ್ಚು ಮಾಡಿದಷ್ಟೂ ಪಾಯಿಂಟು. ಕೊನೆಗೆ ತರುಣ ಮೆಲ್ಲಗೆ ವರ್ಷದ ಫೀಸು ಹೇಳಿದ. ವರ್ಷಕ್ಕೆ ಇಂತಿಷ್ಟು ಲಕ್ಷ ಖರ್ಚು ಮಾಡಿದರೆ ಅದೂ ಮಾಫಂತೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಸಿ, “ಕೊಡ್ರಿ ಕೈ,” ಎಂದರು.

ಇದು ನಮ್ಮ ಹಳೆಯ ಗಂಜಿನ ಪದ್ಧತಿ. ಈಗೆಲ್ಲ ಕಂಪ್ಯೂಟರಿನಲ್ಲಿ ದರ ಬರುತ್ತದೆ, ಆಗ ಹಾಗಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ರೇಟು ಹೇಳುವುದು. ಒಂದು ಬೆರಳಿಗೆ ಒಂದು ಲೆಕ್ಕ, ಎರಡಕ್ಕೆ ಎರಡು. ಕೊನೆಗೆ ಅಂಗೈಗೆ ಅಂಗೈ ಕೂಡಿಸಿ ಒಮ್ಮೆ ಅದುಮಿದರೆ ಸೌದಾ ಮುಗಿಯಿತು, ಮತ್ತೆ ತಕರಾರಿಲ್ಲ. ತೊಗರಿ ಚೀಲದ ಮೇಲೆ ಕೂಡಿಸಿ ಕಾಕಾ ನನಗೆ ಇದನ್ನು ಕಲಿಸಿದ್ದರು. ಹೀಗೆ ಮುಚ್ಚಿ ಯಾಕೆ ಎಂದು ಕೇಳಿದ್ದಕ್ಕೆ, “ರೇಟು ಕಡಿಮಿ ಆದ್ರೂ ನಾಕು ಮಂದ್ಯಾಗ ಒಬ್ಬನ ಮಾರಿ ಸಣ್ಣದಾಗಬಾರ್ದು ನೋಡು,” ಅಂದಿದ್ದರು.

ಪಾಪ, ಬ್ಯಾಂಕಿನ ತರುಣನಿಗೆ ಇದೆಲ್ಲ ಎಲ್ಲಿಂದ ಗೊತ್ತು? ಟವೆಲ್ಲಿನ ಕೆಳಗೆ ಕಾಕಾ ಅವನ ಎರಡು ಬೆರಳು ಹಿಡಿದು ಎಳೆದಾಗ ಕೆಂಪಗಾಗಿ, “ಸರ್, ಕೈ ಬಿಡ್ರಿ ಸರ್!” ಎಂದು ಚೀರಿದ. ಚೀಲ ಹೊರುವ ಹಮಾಲರೆಲ್ಲ ನಕ್ಕರು. ಕಾಕಾ ನಿಟ್ಟುಸಿರುಬಿಟ್ಟು, “ಭಾಳ ಓದ್ಯಾನ, ಬೆರಳು ಓದ್ಲಾಕ ಬರಲ್ಲ,” ಎಂದು ಸಹಿ ಹಾಕಿದರು.

ಪುಕ್ಕಟೆ ಊಟ ಪರೀಕ್ಷಿಸಲು ಕಾಕಾ ಬಸ್ಸು ಹತ್ತಿ ಹೈದರಾಬಾದಿನ ವಿಮಾನ ನಿಲ್ದಾಣಕ್ಕೂ ಹೋದರು. ಬಾಗಿಲಲ್ಲಿ ಕಾವಲಿನವನು ಟಿಕೆಟ್ ಕೇಳಿದ. “ನಾ ಹಾರ್ಲಾಕ ಬಂದಿಲ್ಲಪಾ, ಉಣ್ಲಾಕ ಬಂದೀನಿ,” ಎಂದು ಕಾರ್ಡ್ ತೋರಿಸಿದರಂತೆ. ಅವನು ಬಿಡಲಿಲ್ಲ. ಆದರೆ ಬಿಟ್ಟಿದ್ದರೆ? ಚೀಲದಲ್ಲಿ ಮೂರು ಖಾನೆಯ ಟಿಫಿನ್ ಡಬ್ಬಿ ಇತ್ತು, ಕಾಕಿಯ ಪಾಲಿಗೆ!

ಇನ್ನು ಉಳಿದದ್ದು ಫೀಸು ಮಾಫಿನ ಪ್ರಶ್ನೆ. ಲಕ್ಷಗಟ್ಟಲೆ ಖರ್ಚು ಎಲ್ಲಿಂದ ತರುವುದು? ತಮ್ಮದಿಲ್ಲದಿದ್ದರೇನು, ಊರ ಮಂದಿಯದು ಇದೆಯಲ್ಲ! ಗೊಬ್ಬರದಂಗಡಿ, ಪೆಟ್ರೋಲ್ ಬಂಕು, ಔಷಧಿ ಅಂಗಡಿ, ಎಲ್ಲಿ ನಾಲ್ಕು ಜನ ಸಾಲುಗಟ್ಟಿದರೂ ಕಾಕಾ ಹಾಜರು. “ಕಾರ್ಡ್ ನಂದು ಹೊಡಿಸ್ರಿ, ರೊಕ್ಕ ನನ್ನ ಕೈಯಾಗ ಕೊಡ್ರಿ. ನಿಮಗ ನಷ್ಟ ಇಲ್ಲ, ನನಗ ಪಾಯಿಂಟ್ ಬರ್ತಾವ.” ಒಮ್ಮೆ ಗಂಜಿನಿಂದ ಮನೆಗೆ ಹೋಗುವಾಗ ದಾರಿಯಲ್ಲಿ ಒಂದು ಅಂಗಡಿಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಗುರುತಿಲ್ಲದ ಒಬ್ಬರ ಫ್ರಿಜ್ಜಿನ ಬಿಲ್ಲನ್ನು ತಮ್ಮ ಕಾರ್ಡಿನಿಂದ ಕಟ್ಟಿ ಬಂದರು. ಫ್ರಿಜ್ಜು ಕೊಂಡವರು ನನ್ನನ್ನೂ ಪಾಲುದಾರನೆಂದು ತಿಳಿದು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಎದುರಿನ ಗೋಡೆಯ ಮೇಲಿನ ಜಾಹೀರಾತನ್ನು ಮೂರು ಸಲ ಓದಿದೆ.

ಇಂಥವರನ್ನು ಬೀಗರ ಎದುರು ಹೇಗೆ ನಿಲ್ಲಿಸುವುದು? ನನ್ನ ಮಗಳ ಸಂಬಂಧ ಔರಾದಿನಲ್ಲಿ ಕುದುರಿತ್ತು. ಬೀಗರು ನಿವೃತ್ತ ಅಧಿಕಾರಿಗಳು, ಇಸ್ತ್ರಿ ಮಾಡಿದ ಮಾತು, ಇಸ್ತ್ರಿ ಮಾಡಿದ ನಗೆ. ಲಗ್ನದ ಬಟ್ಟೆ ತೆಗೆಯುವುದಕ್ಕೆ ನಮ್ಮ ಕಡೆ ‘ಬಸ್ತಾ’ ಅನ್ನುತ್ತಾರೆ. ಎರಡೂ ಮನೆಯವರು ಕೂಡಿ ಅಂಗಡಿಗೆ ಹೋಗಬೇಕು, ಹಿರಿಯರು ಮುಂದಿರಬೇಕು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಕಾಕಾನೇ ಹಿರಿಯರು. ಬೀಗರು ಅವರನ್ನು ಇನ್ನೂ ನೋಡಿರಲಿಲ್ಲ. ಬಸ್ತಾ ಮಂಗಳವಾರ ಇತ್ತು. ನಾನು ಕಾಕಾನಿಗೆ ಫೋನ್ ಮಾಡಿ, “ಗುರುವಾರ ಅದರಿ,” ಎಂದೆ. ಬಾಯಿತಪ್ಪಿ ಬಂದದ್ದಲ್ಲ. ಬೇಕೆಂತಲೇ ಹೇಳಿದೆ.

ಮಂಗಳವಾರ ಬೀದರಿನ ಬಟ್ಟೆ ಅಂಗಡಿಯಲ್ಲಿ ಹೆಂಡತಿ, ಮಗಳು ಮೇಲಿನ ಮಹಡಿಯಲ್ಲಿ ಸೀರೆ ನೋಡುತ್ತಿದ್ದರು. ನಾನೂ ಬೀಗರೂ ಕೆಳಗೆ ರೊಕ್ಕ ಕಟ್ಟುವ ಗಲ್ಲೆಯ ಹತ್ತಿರ ಬಂದೆವು. ಅಲ್ಲಿ ಲಗ್ನದ ದೊಡ್ಡ ಬಿಲ್ಲುಗಳಿಗೆ ಹೊಂಚಿ ನಿಂತಿದ್ದವರು ಯಾರು ಹೇಳಿ? ನನ್ನನ್ನು ಇನ್ನೂ ನೋಡದೆ ನೇರ ಬೀಗರ ಮುಂದೆ ಬಂದು ಕಾರ್ಡ್ ಹಿಡಿದರು. “ಸಾಹೇಬ್ರ, ಬಿಲ್ ನನ್ನ ಕಾರ್ಡಿನ್ಯಾಗ ಹೊಡಿಸ್ರಿ...”

ಬೀಗರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ತಿರುಗಿದರು. “ಯಾರಿವ್ರು? ನಿಮ್ಮ ಗುರ್ತಿನವ್ರೇನ್ರಿ?”

ಆಗ ಕಾಕಾ ನನ್ನನ್ನು ನೋಡಿದರು. ಮುಖ ಅರಳಿತು, ‘ಮಾಸ್ತರ’ ಅನ್ನಲು ಬಾಯಿ ತೆರೆದರು. ಆಮೇಲೆ ಬೀಗರನ್ನು ನೋಡಿದರು, ನನ್ನ ಕೈಯಲ್ಲಿದ್ದ ಲಗ್ನದ ಧೋತ್ರ ಜೋಡಿ, ಪೇಟ ನೋಡಿದರು.

“ಇಲ್ರಿ,” ಎಂದೆ ನಾನು. “ಯಾರೋ ಏನೋ.”

ಕಾಕಾ ತೆರೆದ ಬಾಯಿ ಮುಚ್ಚಿದರು. ಬೀಗರಿಗೆ ಕೈಮುಗಿದು, “ಹೌದ್ರಿ, ನನಗೂ ಇವರ ಗುರ್ತಿಲ್ಲ,” ಎಂದರು. “ಆದ್ರ ಸಾಹೇಬ್ರ, ನಲವತ್ತು ವರ್ಷ ಗಂಜಿನ್ಯಾಗ ಮಾಲು ನೋಡೀನಿ. ಮಾರಿ ನೋಡಿದ್ರ ತಿಳೀತದ. ಇವರದು ಕಲ್ಲು ಕಸ ಇಲ್ಲದ ಮನಿತನ. ಕಣ್ಣು ಮುಚ್ಚಿ ಬೀಗತನ ಮಾಡ್ರಿ.”

ಕಾರ್ಡನ್ನು ಜೇಬಿಗಿಟ್ಟು ಹೊರಟೇಹೋದರು. “ಸ್ವಲ್ಪ ಹುಚ್ಚ ಕಾಣ್ತಾನ, ಆದ್ರ ಮಾತು ಚಂದ ಆಡ್ತಾನ,” ಎಂದು ಬೀಗರು ನಕ್ಕರು. ನಾನೂ ನಕ್ಕೆ. ಆ ನಗೆ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. ಇಷ್ಟು ದಿನ ಅವರಿಂದ ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ. ನಾಚಬೇಕಾದವನು ಬೇರೆ ಯಾರೋ ಇದ್ದ.

ಬೀಗರನ್ನು ಕಾರು ಹತ್ತಿಸಿ ನಾನು ಗಂಜಿಗೆ ಓಡಿದೆ. ಕಾಕಾ ಎಂದಿನಂತೆ ಗಾದಿಯ ಮೇಲೆ ಕೂತಿದ್ದರು. ಹಮಾಲರು ಲಾರಿಯಿಂದ ಚೀಲ ಇಳಿಸುತ್ತಿದ್ದರು. ಕಾಕಾನ ಹಿಂದೆ ಗೂಟಕ್ಕೆ, ಹೊಲಿಸಿ ಮಡಿಕೆ ಮುರಿಯದ ಬಿಳಿ ಅಂಗಿಯೊಂದು ತೂಗುತ್ತಿತ್ತು. ಗುರುವಾರದ ಬಸ್ತಾಕ್ಕೆಂದು ಹೊಲಿಸಿದ್ದು ಅಂತ ಹೇಳಬೇಕೇ? ಸ್ವಂತ ರೊಕ್ಕ ಕೊಟ್ಟು ಹೊಲಿಸಿದ್ದು!

“ಕಾಕಾ, ನಾ ಇವತ್ತ...” ಎಂದು ಬಾಯಿ ತೆಗೆದೆ.

“ಶ್! ಮಂದಿ ಅದಾರ,” ಎಂದವರೇ ಟವೆಲ್ ಹಾಸಿದರು. “ಕೊಡು ಕೈ.”

ಕೊಟ್ಟೆ. ತಪ್ಪಾಯಿತು ಎನ್ನಲು ಯಾವ ಬೆರಳು ಹಿಡಿಯಬೇಕೆಂದು ಅವರು ನನಗೆ ಕಲಿಸಿರಲಿಲ್ಲ. ಐದನ್ನೂ ಹಿಡಿದುಕೊಂಡೆ. ಕಾಕಾ ಅವನ್ನು ಬಿಡಿಸಿ, ಅಂಗೈಗೆ ಅಂಗೈ ಕೂಡಿಸಿ, ಒಮ್ಮೆ ಗಟ್ಟಿಯಾಗಿ ಅದುಮಿದರು.

“ತೇವ ಭಾಳ ಅದ ಮಾಸ್ತರ,” ಎಂದರು ಮೆಲ್ಲಗೆ. “ಒಣಗ್ತದ ಬಿಡು. ಬೀಗರಿಗಿ ಏನೂ ಹೇಳಬ್ಯಾಡ. ಲಗ್ನದಾಗ ನಾ ಹಿಂದಿನ ಪಂಕ್ತ್ಯಾಗ ಉಂಡು ಹೋಗ್ತೇನಿ.”

ನಾನು ಟವೆಲ್ ಎಳೆದು ನನ್ನ ಹೆಗಲಿಗೆ ಹಾಕಿಕೊಂಡೆ. ಕೈ ಮಾತ್ರ ಬಿಡಲಿಲ್ಲ. ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಿಂತು ನೋಡಿದರು. ಕಾಕಾ ಗಾಬರಿಯಾಗಿ ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಇನ್ನೊಂದು ಕೈಯಿಂದ ಬೀಗರಿಗೆ ಫೋನ್ ಹಚ್ಚಿದೆ.

“ಬೀಗರೇ, ನಾನ್ರಿ. ಅಂಗಡ್ಯಾಗ ಕಾರ್ಡ್ ಹಿಡ್ಕೊಂಡು ನಿಂತಿದ್ರಲ್ರಿ, ಅವರು ನಮ್ಮ ಕಾಕಾ ಇದ್ದಾರ್ರಿ. ನಮ್ಮ ಮನಿ ಹಿರ್ಯಾರು.”